ಚಾಚಾ ಕಲಿಸಿದ ಖಲಾಸ್

ಮೊದಲ ಶುಕ್ರವಾರವೇ ನಮ್ಮ ಪಾಠ ನೀರಿನಲ್ಲಿ ಸುಟ್ಟುಹೋಯಿತು. ಬಿಸಿಲು ಬಡಿದವನ ಮೈಗೆ ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಬೇಕು ಎಂದು ಹಿಂದಿ, ಅರಬ್ಬಿ, ಕನ್ನಡ ಎಲ್ಲವನ್ನೂ ಕಲಸಿ ಗಂಟಲು ಹರಿಯುವ ಹಾಗೆ ಹೇಳಿದ್ದೆ. ಮಾಡಿ ತೋರಿಸೋಣವೆಂದು ನಲ್ಲಿ ತಿರುಗಿಸಿ ಬಟ್ಟೆ ಹಿಡಿದರೆ ಕೈ ಚುರ್ರೆಂದಿತು. ಜೂನ್ ತಿಂಗಳು, ಕುವೈತಿನ ದಕ್ಷಿಣ ತುದಿಯ ವಫ್ರಾ. ಶೆಡ್ಡಿನ ಮೇಲಿನ ಟ್ಯಾಂಕಿನ ನೀರು ಅನ್ನಕ್ಕಿಟ್ಟ ಎಸರಿನ ಹಾಗೆ ಕಾದಿತ್ತು. ನಾನು ನಮ್ಮ ಕೊಂಕಣಿಯಲ್ಲಿ "ದೆವಾ!" ಎಂದು ಕೈ ಕೊಡವಿದೆ. ಎದುರು ಚಾಪೆಯ ಮೇಲೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಅಕ್ಕಾರ, ಈ ನೀರು ಹಾಕಿದ್ರ ಪೇಶಂಟ್ ತಾನಾಗೇ ಎದ್ದು ಓಡ್ತಾನ್ರಿ. ಇದೂ ಒಂದು ಔಷಧನ ಬಿಡ್ರಿ," ಎಂದ ಒಬ್ಬ, ಹಿಂದಿನ ಸಾಲಿನಿಂದ.

ಕನ್ನಡ ಕೇಳಿ ನಾನು ತಲೆಯೆತ್ತಿ ನೋಡಿದೆ. ಬಾಗಲಕೋಟೆ ಕಡೆಯವನು, ಆ ತೋಟದ ಪಂಪು ನೋಡಿಕೊಳ್ಳುವವನು. ಅವತ್ತಿನಿಂದ ನನಗೆ ಅವನು ಪಂಪಿನವ. ಅವನಿಗೆ ನಾನು ಅಕ್ಕಾರ.

ನಾನು ಆಗ ಅಹ್ಮದಿಯ ಹತ್ತಿರ ಒಂದು ಗುತ್ತಿಗೆ ಕಂಪನಿಯ ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್. ಕಂಪನಿಗೆ ವಫ್ರಾದಲ್ಲಿ ತರಕಾರಿ ತೋಟಗಳಿದ್ದವು. ತೋಟಗಳಾಚೆ ಬರೀ ಮರಳು, ಆ ಮರಳಿನಲ್ಲಿ ಅಲ್ಲೊಂದು ಇಲ್ಲೊಂದು ಕುರಿ, ಒಂಟೆಗಳ ದೊಡ್ಡಿ. ಅಲ್ಲಿ ಕೆಲಸ ಮಾಡುವವರು ಹುಷಾರು ತಪ್ಪಿದರೆ ಯಾರಾದರೂ ಗಾಡಿಯವರು ಆ ಕಡೆ ಬರುವ ತನಕ ಕಾಯಬೇಕು. ಚೇಳು ಕಡಿದವನು, ವಾಂತಿಭೇದಿಯಾದವನು, ಬಿಸಿಲಿಗೆ ಬಿದ್ದವನು, ಎಲ್ಲರೂ ನಮ್ಮ ಬಾಗಿಲಿಗೆ ಬರುವಾಗ ಅರ್ಧ ಜೀವವಾಗಿರುತ್ತಿದ್ದರು. ಒಂದೊಂದು ತೋಟದಿಂದ ಇಬ್ಬಿಬ್ಬರನ್ನು ಆರಿಸಿ ಆರೋಗ್ಯ ಕಾರ್ಯಕರ್ತರ ಕೆಲಸ ಕಲಿಸಬೇಕು ಎನ್ನುವುದು ನಮ್ಮ ಡಾಕ್ಟರರ ಯೋಚನೆ. ಅವರು ಬಂದು ಒಂದು ಭಾಷಣ ಮಾಡಿ ಚಾ ಕುಡಿದು ಹೋದರು. ಉಳಿದದ್ದು ನನ್ನ ಕುತ್ತಿಗೆಗೆ ಬಿತ್ತು. ವಾರಕ್ಕೊಂದು ರಜೆ, ಅದನ್ನೂ ಮರಳಿಗೆ ಹಾಕುತ್ತೀಯಲ್ಲ ಎಂದು ಮನೆಯಲ್ಲಿ ಗಂಡ ಮುಖ ಊದಿಸಿಕೊಂಡರು.

ನೀರಿನ ಸಮಸ್ಯೆಗೆ ಉತ್ತರ ಫಿಂಟಾಸಿನ ನಮ್ಮ ಫ್ಲಾಟಿನಲ್ಲೇ ಇತ್ತು. ಕುವೈತಿನಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತು, ಬೇಸಿಗೆಯಲ್ಲಿ ನಲ್ಲಿಯಲ್ಲಿ ಬರುವುದು ಬಿಸಿನೀರು. ಗೀಸರಿನ ಸ್ವಿಚ್ ಆರಿಸಿಟ್ಟರೆ ಅದರೊಳಗೆ ನಿಂತ ನೀರೇ ತಣ್ಣೀರು. ಅದೇ ಲೆಕ್ಕದಲ್ಲಿ ಪ್ರತಿ ತೋಟದ ಶೆಡ್ಡಿನ ಒಳಗೆ, ನೆರಳಿನಲ್ಲಿ, ಒಂದು ಪ್ಲಾಸ್ಟಿಕ್ ಡ್ರಮ್ಮು ಇಡಿಸಿದೆ. ಸುತ್ತ ಗೋಣಿ ಸುತ್ತಿ ಅದನ್ನು ಸದಾ ಒದ್ದೆಯಾಗಿಡಬೇಕು. ಆ ನೀರನ್ನು ಕುಡಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಟೊಮೆಟೊ ಇಡುವ ಕೋಲ್ಡ್ ರೂಮಿನಲ್ಲಿ ಐಸಿನ ಬಾಟಲಿಗಳಿಗೆಂದು ಒಂದು ಮೂಲೆ ಕೇಳಿದ್ದಕ್ಕೆ ಮ್ಯಾನೇಜರ್ ನನ್ನ ತಲೆ ತಿಂದ. ನಾನೂ ಅವನ ತಲೆ ತಿಂದೆ. ಕೊನೆಗೆ ಮೂಲೆ ಸಿಕ್ಕಿತು.

ಭಾಷೆಯದ್ದು ಇನ್ನೊಂದು ರಗಳೆ. ಚಾಪೆಯ ಮೇಲೆ ನೇಪಾಳದವರಿದ್ದರು, ಬಂಗಾಳದವರಿದ್ದರು, ತೆಲುಗಿನವರಿದ್ದರು. ಪಂಪಿನವನದ್ದು ಕನ್ನಡವೇ ಆದರೂ ನಮ್ಮಿಬ್ಬರ ಕನ್ನಡವೂ ಒಂದಕ್ಕೊಂದು ತಾಗುತ್ತಿರಲಿಲ್ಲ. "ಉಸಿರು ಉಂಟಾ ನೋಡು" ಎಂದರೆ ಅವನು ಹಲ್ಲು ಕಿರಿಯುತ್ತಿದ್ದ. "ನೀವು ಉಂಟಾ ಅಂದ್ರ ನಮಗ ಊಟಾ ಅಂದಂಗ ಕೇಳಸ್ತೈತ್ರಿ ಅಕ್ಕಾರ. ಉಸಿರು ಐತೇನು ಅನ್ರಿ."

"ಉಂಟಾಕ್ಕೆ ಎಂತ ಆಗಿದೆ ಮಾರಾಯ? ಒಳ್ಳೆ ಉಂಟು!"

"ಹಂಗಾರ ಇಬ್ಬರದೂ ಬ್ಯಾಡ, 'ಫೀ' ಅನ್ನೂಣು," ಎಂದು ರಾಜಿ ಮಾಡಿದ. ಗಲ್ಫಿನಲ್ಲಿ ಇಳಿದವನು ಮೊದಲು ಕಲಿಯುವ ಎರಡು ಶಬ್ದ ಅವು. ಫೀ ಎಂದರೆ ಇದೆ. ಮಾಫಿ ಎಂದರೆ ಇಲ್ಲ. ಅದರದ್ದೂ ಒಂದು ಕಥೆ ಅವನ ಹತ್ತಿರ ಇತ್ತು. ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೇಳಿದನಂತೆ. ಅಂಗಡಿಯವನು ಕೈ ಆಡಿಸಿ "ಮಾಫಿ, ಮಾಫಿ" ಎಂದನಂತೆ. "ಪಾಪ, ಬೆಂಕಿಪೊಟ್ಣ ಇಲ್ಲಂತ ಮಾಫಿ ಕೇಳ್ತಾನಲ್ಲ, ಎಂಥಾ ದೊಡ್ಡ ಮನಷ್ಯಾ ಅಂದ್ಕೊಂಡ್ನಿ. ಇರಲಿ ಬಿಡಪ್ಪ, ಅದಕ್ಕ್ಯಾಕ ಮಾಫಿ ಅಂತ ಅವನ ಬೆನ್ನು ಸವರಿ ಬಂದ್ನಿ!" ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಈ ಶಬ್ದಗಳನ್ನು ಅವನಿಗೆ ತಿದ್ದಿ ಕಲಿಸಿದವನು ಚಾಚಾ. ಸುಡಾನಿನ ಮುದುಕ, ಕಡ್ಡಿಯ ಹಾಗೆ ಉದ್ದ, ಪಕ್ಕದ ದೊಡ್ಡಿಯಲ್ಲಿ ಕುರಿ ಕಾಯುವವನು. ನಮ್ಮ ಕಂಪನಿಯವನಲ್ಲ, ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಬೇರೆ. ಸಂಜೆ ಪಂಪಿನವನ ಶೆಡ್ಡಿಗೆ ಬಂದು ಚಾ ಕಾಯಿಸಿ, ಅರಬ್ಬಿ ಹೇಳಿಕೊಟ್ಟು ಹೋಗುತ್ತಿದ್ದ. ಇವನಿಗೂ ಅಲ್ಲಿ ಬೇರೆ ಯಾರಿದ್ದರು? ಇವನ ಹತ್ತಿರ ಬಾಯಿ ಬಿಟ್ಟು ಮಾತಾಡುವ ಮನುಷ್ಯ ಚಾಚಾ ಒಬ್ಬನೇ. ಬದಲಿಗೆ ಇವನು ಕಲಿಸಿದ್ದು "ಹೌದ್ರಿ". ಚಾಚಾ ಯಾವುದಕ್ಕೂ ಹೌದ್ರಿ ಎನ್ನುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಎತ್ತಿ "ಸಿಸ್ಟರ್, ಹೌದ್ರಿ!" ಎನ್ನುತ್ತಿದ್ದ.

ರೋಗಿಯ ಪಾತ್ರಕ್ಕೆ ಯಾರೂ ಮಲಗಲು ಒಪ್ಪದಿದ್ದಾಗ ಚಾಚಾನೇ ಬಂದು ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡ. ಬಿಟ್ಟಿಯಾಗಿ ತಣ್ಣೀರು ಮೈಮೇಲೆ ಬೀಳುತ್ತದೆ, ಯಾರಾದರೂ ಗಾಳಿ ಹಾಕುತ್ತಾರೆ, ಕೊನೆಯಲ್ಲಿ ಸಕ್ಕರೆ ಜಾಸ್ತಿ ಹಾಕಿದ ಚಾ. ಬೇಡ ಎನ್ನುವುದಕ್ಕೆ ಅವನಿಗೇನು ಹುಚ್ಚೇ? ಆದರೆ ಮುದುಕನದ್ದು ಭಾರಿ ನಾಟಕ. ನರಳುತ್ತಿದ್ದ, ಕಣ್ಣು ಮೇಲಕ್ಕೆ ಮಾಡುತ್ತಿದ್ದ. ರೋಗಿಗೆ ಪ್ರಜ್ಞೆ ಇದೆಯೋ ಎಂದು ತಿಳಿಯಲು ಹೆಸರು ಕೇಳಬೇಕು ಎಂದು ನಾನು ಕಲಿಸಿದ್ದೆ. ಹೆಸರು ಕೇಳಿದರೆ ಪ್ರತಿ ಸಲ ಬೇರೆ ಬೇರೆ ಹೆಸರು ಹೇಳುತ್ತಿದ್ದ, ಒಮ್ಮೆ ನನ್ನದೇ ಹೇಳಿದ. ಒಂದು ಕೆಲಸ ಮುಗಿದದ್ದೇ ಮಲಗಿದಲ್ಲಿಂದಲೇ "ಖಲಾಸ್!" ಎಂದು ಕೂಗುತ್ತಿದ್ದ. ನೆರಳಿಗೆ ತಂದಾಯಿತು, ಖಲಾಸ್! ಅಂಗಿ ಬಿಚ್ಚಿಯಾಯಿತು, ಖಲಾಸ್! ಕಂಕುಳಿಗೆ, ತೊಡೆಯ ಸಂದಿಗೆ ಐಸ್ ಇಟ್ಟಾಯಿತು, ಖಲಾಸ್!

ತರಗತಿಗೆಲ್ಲ ಅದು ಹಿಡಿಸಿತು. ಐದು ಭಾಷೆಯವರಿಗೂ ಗೊತ್ತಿದ್ದ ಶಬ್ದ. ಮುಂದಿನ ವಾರದಿಂದ ಒಬ್ಬ ಮಾಡುವುದು, ಉಳಿದವರೆಲ್ಲ ಒಟ್ಟಿಗೆ ಖಲಾಸ್ ಎನ್ನುವುದು. ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ ಬಾಯಿಪಾಠವಾಯಿತು. ಡಾಕ್ಟರ್ ಒಮ್ಮೆ ಬಂದು ನೋಡಿ ತುಂಬ ಮೆಚ್ಚಿಕೊಂಡರು. ಎಲ್ಲರಿಗಿಂತ ಚುರುಕು ಪಂಪಿನವನೇ. ಬಾಯಿ ಎಷ್ಟು ಹರಟುತ್ತಿತ್ತೋ ಕೈಯೂ ಅಷ್ಟೇ ಓಡುತ್ತಿತ್ತು.

ಆ ದಿನ ಡಾಕ್ಟರ್ ರಜೆಯ ಮೇಲೆ ಊರಿಗೆ ಹೋಗಿದ್ದರು. ಬೇಸಿಗೆಯಲ್ಲಿ ಹೋಗಬಲ್ಲವರೆಲ್ಲ ಹೋಗಿಬಿಡುತ್ತಾರಲ್ಲ. ಕ್ಲಿನಿಕ್ಕಿನಲ್ಲಿ ನಾನು ಮತ್ತು ಆಂಬುಲೆನ್ಸಿನ ಡ್ರೈವರ್. ಅವನು ಈಜಿಪ್ಟಿನವನು, ನಮಾಜನ್ನೂ ತಪ್ಪಿಸುವವನಲ್ಲ, ನಿಯಮವನ್ನೂ ಮುರಿಯುವವನಲ್ಲ. ಮಧ್ಯಾಹ್ನದ ಹೊತ್ತು ಪಂಪಿನವನ ಫೋನ್ ಬಂತು.

"ಅಕ್ಕಾರ, ಚಾಚಾ ಬಿದ್ದಾನ್ರಿ. ಕುರಿ ನೀರಿಗೆ ಬಂದಿದ್ವು, ಇಂವ ಬರಲಿಲ್ಲ. ಹುಡುಕ್ಕೊಂಡು ಹೋಗಿ ಹೊತ್ಕೊಂಡು ಬಂದೀನಿ. ಹೆಸರು ಕೇಳಿದ್ರ ಏನೇನೋ ಬಡಬಡಸ್ತಾನ. ಮೊದಲ ನಾಟಕ ಮಾಡಾಕತ್ತಾನ ಅಂದ್ಕೊಂಡ್ನಿ."

"ಮೈ ಮುಟ್ಟಿ ನೋಡಿದಿಯಾ?"

"ಕಾದ ಹಂಚ ಆಗೈತ್ರಿ. ಬೆವರ ಇಲ್ಲ."

"ನಾಟಕ ಅಲ್ಲ ಅದು. ಕಲಿಸಿದ್ದೆಲ್ಲ ಶುರು ಮಾಡು. ಬಾಯಿಗೆ ಮಾತ್ರ ನೀರು ಹಾಕಬೇಡ. ಗಾಡಿ ಕಳಿಸ್ತಾ ಇದ್ದೇನೆ."

ನಾನು ಹೇಳಿ ಮುಗಿಸುವ ಮೊದಲೇ ಡ್ರೈವರ್ ಗಾಡಿಯಲ್ಲಿ ಕೂತಿದ್ದ. ಚಾಚಾ ಕಂಪನಿಯವನಲ್ಲ, ಹೋಗಬೇಕಾ ಎಂದು ಅವನು ಒಂದು ಮಾತೂ ಕೇಳಲಿಲ್ಲ. ಅದನ್ನು ನಾನು ಇಲ್ಲಿ ಹೇಳಲೇಬೇಕು. ನನಗೂ ಹೋಗಬೇಕೆಂದಿತ್ತು, ಆದರೆ ಕ್ಲಿನಿಕ್ಕಿನಲ್ಲಿ ಇನ್ನೊಬ್ಬನಿಗೆ ಡ್ರಿಪ್ ಓಡುತ್ತಿತ್ತು, ಬಿಟ್ಟು ಹೋಗುವಂತಿರಲಿಲ್ಲ. ಪಂಪಿನವನ ನಂಬರ್ ಡ್ರೈವರಿಗೆ ಕೊಟ್ಟು, ದಾರಿ ತಿಳಿಯದಿದ್ದರೆ ಅವನನ್ನೇ ಕೇಳು ಎಂದೆ.

ಇಷ್ಟು ಹೊತ್ತಿಗೆ ತಲುಪಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಮತ್ತೆ ಪಂಪಿನವನ ಫೋನ್.

"ಅಕ್ಕಾರ, ಗಾಡಿ ಎಲ್ಲೈತ್ರಿ? ಐಸ್ ಎಲ್ಲಾ ಕರಗಾಕತ್ತೈತಿ. ಮೈ ಒಂದೀಟು ಆರೈತಿ ಅನಸ್ತೈತಿ. ಉಸಿರು ಆಡಾಕತ್ತಾನ, ಆದ್ರ ಗೊರಗೊರ ಅಂತೈತಿ."

"ಇನ್ನೂ ಬರಲಿಲ್ವಾ? ಒಂದು ಕಡೆಗೆ ಮಗ್ಗುಲಾಗಿ ಮಲಗಿಸು. ನಾನು ಕೇಳ್ತೇನೆ."

ಡ್ರೈವರಿಗೆ ಫೋನ್ ಮಾಡಿದೆ. ಅವನ ದನಿ ತೀರಾ ತಗ್ಗಿತ್ತು. "ಸಿಸ್ಟರ್, ನಾನು ಡಾಂಬರು ರಸ್ತೆ ಮುಗಿಯುವಲ್ಲಿ ನಿಂತಿದ್ದೇನೆ. ಪೊಲೀಸರಿಗೆ ತಿಳಿಸಿದೆ. ಅವರಿಗೆ ಮರಳಿನಲ್ಲಿ ದಾರಿ ಗೊತ್ತಾಗುವುದಿಲ್ಲ, ಬಂದ ಮೇಲೆ ಕರೆದುಕೊಂಡು ಹೋಗುತ್ತೇನೆ. ದೇವರು ಚಾಚಾನಿಗೆ ಕರುಣೆ ತೋರಲಿ."

"ಪೊಲೀಸ್ ಯಾಕೆ?"

"ಸತ್ತವರನ್ನು ನಮ್ಮ ಗಾಡಿಯಲ್ಲಿ ಒಯ್ಯುವ ಹಾಗಿಲ್ಲವಲ್ಲ. ಪೊಲೀಸರು ನೋಡುವ ತನಕ ಮುಟ್ಟುವ ಹಾಗೂ ಇಲ್ಲ."

"ಸತ್ತ ಅಂತ ಯಾರು ಹೇಳಿದ್ದು?"

"ನಿಮ್ಮ ಪಂಪಿನವನೇ. ಚಾಚಾ ಹೇಗಿದ್ದಾನೆ ಅಂತ ಕೇಳಿದೆ. 'ಕುಲ್ಲು ಖಲಾಸ್' ಅಂದ."

ಕುಲ್ಲು ಖಲಾಸ್. ಎಲ್ಲಾ ಮುಗಿಯಿತು. ಚಾಪೆಯ ಮೇಲೆ ಅವರೆಲ್ಲ ಒಟ್ಟಿಗೆ ಕೂಗುತ್ತಿದ್ದದ್ದು ಕಿವಿಯಲ್ಲಿ ಕೇಳಿಸಿತು. ನೆರಳು ಖಲಾಸ್, ಅಂಗಿ ಖಲಾಸ್, ಐಸ್ ಖಲಾಸ್. ಕಲಿಸಿದ ಕೆಲಸ ಒಂದನ್ನೂ ಬಿಡದೆ ಮಾಡಿದ್ದೇನೆ ಎಂದು ಅವನು ವರದಿ ಒಪ್ಪಿಸಿದ್ದ. ಅರಬ್ಬಿಯನ್ನೇ ತಾಯಿಯ ಬಾಯಿಂದ ಕಲಿತ ಈ ಮನುಷ್ಯ, ರೋಗಿ ಹೇಗಿದ್ದಾನೆ ಎಂಬ ಪ್ರಶ್ನೆಗೆ ಖಲಾಸ್ ಎಂಬ ಉತ್ತರ ಬಂದರೆ ಇನ್ನೇನು ತಿಳಿದುಕೊಳ್ಳಬೇಕು? ನಮ್ಮಲ್ಲೂ ಹಾಗೇ ಅಲ್ಲವೇ, ಮುಗಿಯಿತು ಎಂದರೆ ಊಟವೂ ಮುಗಿದಿರಬಹುದು, ಮನುಷ್ಯನೂ ಮುಗಿದಿರಬಹುದು.

ಇದನ್ನೆಲ್ಲ ನಾನು ಆಮೇಲೆ ಯೋಚಿಸಿದ್ದು. ಆ ಗಳಿಗೆಯಲ್ಲಿ ಬಾಯಿಗೆ ಮೊದಲು ಬಂದದ್ದು ಕೊಂಕಣಿ ಬೈಗಳು. ಆಮೇಲೆ ಅರಬ್ಬಿ ಬಂತು. "ಫೀ ನಫಸ್! ಫೀ ನಫಸ್! ಯಲ್ಲಾ!" ಉಸಿರಿದೆ, ಉಸಿರಿದೆ, ಹೊರಡು ಎಂದು ಕಿರುಚಿದೆ. ಡ್ರಿಪ್ ಹಾಕಿಸಿಕೊಂಡಿದ್ದ ರೋಗಿ ಹೆದರಿ ಎದ್ದು ಕೂತ. ಫೋನಿನ ಆ ಕಡೆ ಗಾಡಿಯ ಚಕ್ರ ಮರಳಿಗೆ ಇಳಿದ ಸದ್ದು ಕೇಳಿತು.

ಚಾಚಾನನ್ನು ದೊಡ್ಡಾಸ್ಪತ್ರೆಗೆ ಸೇರಿಸುವಾಗ ಉಸಿರಿತ್ತು. ಸಂಜೆಗೆ ಹೋಯಿತು.

ಕೆಲಸ ಮುಗಿಸಿ ನಾನು ಆಸ್ಪತ್ರೆಗೆ ಹೋದಾಗ ಪಂಪಿನವ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದ. ಅವನ ಬಟ್ಟೆಯೆಲ್ಲ ಡ್ರಮ್ಮಿನ ನೀರಿನಲ್ಲಿ ನೆಂದು, ಅಲ್ಲೇ ಒಣಗಿ, ಮರಳು ಹಿಡಿದಿತ್ತು. ಡ್ರೈವರ್ ವರಾಂಡದ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಬೇಗ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಅಲ್ಲಿನ ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ವಯಸ್ಸಾಗಿತ್ತು, ಬಿಸಿಲಲ್ಲಿ ಎಷ್ಟು ಹೊತ್ತು ಬಿದ್ದಿದ್ದನೋ ಯಾರಿಗೆ ಗೊತ್ತು ಎಂದರು. ಇಲ್ಲ, ಉಳಿಯುತ್ತಿರಲಿಲ್ಲ ಎಂದು ಅವರು ಒಂದು ಸುಳ್ಳಾದರೂ ಹೇಳಬಾರದಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು.

ನಾನು ಪಂಪಿನವನ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅವನೇ ಮಾತು ತೆಗೆದ.

"ಹೆಂಗ ಅದಾನ ಅಂತ ಕೇಳಿದ್ದು ನನಗ ತಿಳೀಲಿಲ್ರಿ ಅಕ್ಕಾರ. ಚಾಚಾ ಅಂದದ್ದೊಂದು ಕೇಳಿಸ್ತು. ಎಲ್ಲಾ ಮಾಡಿಯೇನು ಅಂತ ಕೇಳ್ತಾನ ಅಂದ್ಕೊಂಡು ಕುಲ್ಲು ಖಲಾಸ್ ಅಂದ್ನಿ. ಅಂವ ದೇವರ ಹೆಸರು ಏನೋ ಅಂದ. ನಾನು ಹೂಂ ಹೂಂ, ಯಲ್ಲಾ ಅಂದ್ನಿ. ಸತ್ತಾರಿಗೆ ಅನ್ನೂ ಮಾತಂತ್ರಿ ಅದು. ನಾ ಅದಕ್ಕ ಹೂಂ ಅಂದೀನಿ."

"ನಿನ್ನದೇನೂ ತಪ್ಪಿಲ್ಲ ಮಾರಾಯ. ನೀನು ಎಲ್ಲಾ ಸರಿ ಮಾಡಿದ್ದಿ."

"ಕೈ ಎಲ್ಲಾ ಸರಿ ಮಾಡಿತ್ರಿ. ಬಾಯಿ ಕೆಡಿಸ್ತು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ನಮ್ಮವ್ವ ಸಾಯೂತನಕ ಬಡಕೊಂಡ್ಲು."

ಸಮಾಧಾನ ಹೇಳುವುದರಲ್ಲಿ ನಾನು ಕಡಿಮೆಯವಳಲ್ಲ. ಎಷ್ಟೋ ಮಂದಿ ಸತ್ತವರ ಮನೆಯವರನ್ನು ಹಿಡಿದು ಕೂತವಳು. ಅವತ್ತು ನನಗೇ ಅಳು ಬಂತು. ಅವನು ಅಳಲಿಲ್ಲ.

ಚಾಚಾನ ಮನೆಯವರು ಸುಡಾನಿನಿಂದ ಒಪ್ಪಿಗೆ ಕೊಟ್ಟ ಮೇಲೆ ಮಣ್ಣು ಕುವೈತಿನಲ್ಲೇ ಆಯಿತು. ಹೆಂಗಸರು ಹೋಗುವ ರೂಢಿ ಇಲ್ಲದ್ದರಿಂದ ನಾನು ಹೋಗಲಿಲ್ಲ. ಪಂಪಿನವನೂ ಡ್ರೈವರನೂ ಇಬ್ಬರೂ ಹೋಗಿದ್ದರಂತೆ. ಒಂದೇ ಗುಂಡಿಗೆ ಇಬ್ಬರೂ ಮಣ್ಣು ಹಾಕಿದರಂತೆ, ಮುಖ ಮಾತ್ರ ನೋಡಿಕೊಳ್ಳಲಿಲ್ಲವಂತೆ.

ಮ್ಯಾನೇಜರ್ ನನ್ನನ್ನು ಕರೆಸಿ ತರಗತಿ ನಿಲ್ಲಿಸು ಎಂದ. "ಓದಿಲ್ಲದವರಿಗೆ ಇದೆಲ್ಲ ಕಲಿಸಲು ಹೋದರೆ ಹೀಗೇ ಆಗುವುದು. ಏನಾದರೂ ಆದರೆ ಫೋನ್ ಮಾಡಲಿ, ಸಾಕು."

ನನಗೆ ಮೂಗಿನ ತುದಿಯಲ್ಲೇ ಕೋಪ. "ಫೋನ್ ಮಾಡಿದ್ದಕ್ಕೇ ಸತ್ತದ್ದು ಅವನು," ಎಂದೆ. "ಕಲಿಸಿದ ಕೆಲಸ ಅವನ ಜೀವವನ್ನು ಅಷ್ಟು ಹೊತ್ತು ಹಿಡಿದಿಟ್ಟಿತ್ತು. ನಾವು ಅವರ ಕೈ ಪಳಗಿಸಿದೆವು, ಮಾತು ಕಲಿಸಲಿಲ್ಲ. ಇನ್ನು ಅದನ್ನು ಕಲಿಸುತ್ತೇನೆ. ಬೇಡವಾದರೆ ನನ್ನ ವೀಸಾ, ಇಕಾಮಾ ಎಲ್ಲ ಕ್ಯಾನ್ಸಲ್ ಮಾಡಿ, ಊರಿಗೆ ಹೋಗುತ್ತೇನೆ." ಗಂಡನನ್ನೂ ಕೇಳದೆ ಆಡಿದ ಮಾತು. ಮ್ಯಾನೇಜರ್ ನನ್ನ ಮುಖ ನೋಡಿ, ಕೈ ಝಾಡಿಸಿ, ಏನಾದರೂ ಮಾಡಿಕೋ ಎಂದ.

ಮುಂದಿನ ಶುಕ್ರವಾರ ಹೋದೆ. ಖಲಾಸ್ ಎಂಬ ಶಬ್ದವನ್ನು ಇನ್ನು ಈ ಚಾಪೆಯ ಮೇಲೆ ಯಾರೂ ಆಡುವಂತಿಲ್ಲ ಎಂದೆ. ಓಕೆ ಎನ್ನುವ ಹಾಗಿಲ್ಲ, ಆಯಿತು ಎನ್ನುವ ಹಾಗಿಲ್ಲ, ಹೋ ಗಯಾ ಎನ್ನುವ ಹಾಗಿಲ್ಲ. ಮಾಡಿದ್ದನ್ನು ಹೇಳುವುದು ಕೊನೆಗೆ. ಮೊದಲು ಹೇಳಬೇಕಾದದ್ದು ಒಂದೇ ಮಾತು, ಫೀ ನಫಸ್ ಅಥವಾ ಮಾಫಿ ನಫಸ್. ಉಸಿರಿದೆ ಅಥವಾ ಉಸಿರಿಲ್ಲ. ಫೋನಿನಲ್ಲಿ ಯಾರು ಏನೇ ಕೇಳಲಿ, ತಿಳಿಯಲಿ ತಿಳಿಯದಿರಲಿ, ಮೊದಲ ಉತ್ತರ ಅದು. ಕೇಳಿಸಿಕೊಂಡವನು ಅದನ್ನೇ ತಿರುಗಿಸಿ ಹೇಳಬೇಕು.

ಹೇಳುವುದೇನೋ ಹೇಳಿದೆ. ಅಭ್ಯಾಸಕ್ಕೆ ಮಲಗಲು ಯಾರೂ ಏಳಲಿಲ್ಲ. ಚಾಚಾ ಮಲಗುತ್ತಿದ್ದ ಜಾಗದಿಂದ ಎಲ್ಲರೂ ಸರಿದು ಕೂತಿದ್ದರು. ಪಂಪಿನವ ತರಗತಿಗೆ ಬಂದಿರಲಿಲ್ಲ. ಸ್ವಲ್ಪ ದೂರದಲ್ಲಿ ಪಂಪ್ ಶೆಡ್ಡಿನ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಇನ್ನೊಮ್ಮೆ ಕರೆಯಬೇಕು ಎನ್ನುವಷ್ಟರಲ್ಲಿ, ನನ್ನನ್ನು ಕರೆತಂದಿದ್ದ ಡ್ರೈವರ್ ಗಾಡಿಯಿಂದ ಇಳಿದು ಬಂದ. ಚಪ್ಪಲಿ ಬಿಟ್ಟು, ಜೇಬಿನಲ್ಲಿದ್ದದ್ದನ್ನೆಲ್ಲ ಬದಿಗಿಟ್ಟು, ಆ ಜಾಗದಲ್ಲಿ ಅಂಗಾತ ಮಲಗಿ ಕಣ್ಣು ಮುಚ್ಚಿದ.

ನೇಪಾಳದವನು ಹೋಗಿ ಅವನ ಎದೆಯ ಹತ್ತಿರ ಬಾಗಿದ.

"ನಫಸ್?" ಎಂದು ಕೇಳಿದೆ.

"ಫೀ."

"ಫೀ," ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಮಲಗಿದ್ದವನ ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒದ್ದೆ ಬಟ್ಟೆಯದ್ದು ಎಂದುಕೊಳ್ಳುವಂತೆಯೂ ಇರಲಿಲ್ಲ, ನಾವಿನ್ನೂ ಬಟ್ಟೆ ಮುಟ್ಟಿರಲಿಲ್ಲ.

ತರಗತಿ ಮುಗಿದ ಮೇಲೆ ಡ್ರೈವರ್ ನನ್ನ ಹತ್ತಿರ ಬಂದು ಕೇಳಿದ. "ಸಿಸ್ಟರ್, ನಿಮ್ಮವರ ಭಾಷೆಯಲ್ಲಿ ಕ್ಷಮೆ ಕೇಳಬೇಕಾದರೆ ಏನೆನ್ನಬೇಕು?"

ಪಂಪಿನವನ ಕಡೆಯವರು ಏನೆನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಕ್ಷಮಿಸು ಎನ್ನುವುದು ಈ ಅರಬ್ಬಿ ನಾಲಿಗೆಗೆ ಹೊರಳದು, ಬೇರೆ ಯಾವುದಾದರೂ ಶಬ್ದ ಸಿಕ್ಕೀತೇ ಎಂದು ಹುಡುಕಿದೆ, ಸಿಗಲಿಲ್ಲ. "ಮಾಫಿ," ಎಂದೆ.

"ಮಾಫಿ?" ಅವನು ನನ್ನನ್ನೇ ನೋಡಿದ. "ಇಲ್ಲ ಎನ್ನುವುದಕ್ಕಾ?"

"ನಿಮ್ಮಲ್ಲಿ ಇಲ್ಲ ಅಂತ. ಅವರಲ್ಲಿ ಕ್ಷಮಿಸು ಅಂತ. ಶಬ್ದ ಒಂದೇ, ನಾನೇನು ಮಾಡಲಿ?"

ಅವನು ತಲೆ ಅಲ್ಲಾಡಿಸಿ ಶೆಡ್ಡಿನ ಕಡೆ ನಡೆದ. ನಾನೂ ಸ್ವಲ್ಪ ಹಿಂದಿನಿಂದ ಹೋದೆ. ಪಂಪು ಗಡಗಡ ಎನ್ನುತ್ತಿತ್ತು. ಡ್ರೈವರ್ ಬಾಗಿಲಿನ ಹತ್ತಿರ ನಿಂತು ಏನೋ ಹೇಳಿದ. ಪಂಪಿನವ ಎದ್ದು ಪಂಪು ಆರಿಸಿದ.

"ಮಾಫಿ, ಭಾಯಿ," ಎಂದ ಡ್ರೈವರ್ ಇನ್ನೊಮ್ಮೆ.

ಪಂಪಿನವ ಅವನ ಮುಖ ನೋಡಿದ. ಮಣ್ಣು ಹಾಕುವಾಗಲೂ ನೋಡದವನು ಈಗ ನೋಡಿದ. ಆಮೇಲೆ ತಲೆ ಬಗ್ಗಿಸಿ, ಕಷ್ಟಪಟ್ಟು, "ಫೀ," ಎಂದ.

ಡ್ರೈವರ್ ಅವನ ಭುಜ ಮುಟ್ಟಿ ಗಾಡಿಯ ಕಡೆ ಹೋದ. ಇನ್ನು ಪಂಪಿನವ ಸರಿಹೋಗುತ್ತಾನೆ ಎಂದುಕೊಂಡೆ. "ಒಳ್ಳೇದು ಮಾಡಿದಿ ನೋಡು," ಎಂದೆ. "ಮುಂದಿನ ಶುಕ್ರವಾರ ಚಾಪೆಗೆ ಬಾ ಮಾರಾಯ. ನಿನ್ನ ಹಾಗೆ ಕೈ ಓಡುವವರು ಬೇರೆ ಯಾರೂ ಇಲ್ಲ."

ಅವನು ಒಳಗೆ ಚಾಚಾ ಚಾ ಕಾಯಿಸುತ್ತಿದ್ದ ಒಲೆಯ ಕಡೆ ನೋಡುತ್ತಿದ್ದ.

"ಅವಗ ನಾ ಫೀ ಅಂದ್ನಿ," ಎಂದ. "ನನಗ ಯಾರು ಅನ್ನಬೇಕ್ರಿ ಅಕ್ಕಾರ? ಅನ್ನಾಂವನ ಮಾಫಿ."

ನಾನು ಬಾಯಿ ತೆರೆಯುವ ಮೊದಲೇ ಅವನು ಪಂಪಿನ ಸ್ವಿಚ್ಚು ಹಾಕಿದ.